ಒಂದು ವರ್ಷದ ಸಾಲ

ನಪಾಸಾಗುವುದೆಂದರೆ ನಮ್ಮಲ್ಲಿ ಮನೆಯ ಮಾನವೇ ಹೋದಂತೆ. ಫಲಿತಾಂಶ ಬಂದ ದಿನ ಹುಡುಗ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾನೆ. ತನಗಿಂತ ಕಿರಿಯರಾದವರ ನಡುವೆ ಅದೇ ಬೆಂಚಿನ ಮೇಲೆ ಇನ್ನೊಂದು ವರ್ಷ ಕೂರಬೇಕಾದವನ ಸಂಕಟವನ್ನು ಬಲ್ಲವರೇ ಬಲ್ಲರು. ಹೀಗಿರುವಾಗ, ಎಲ್ಲ ವಿಷಯಗಳಲ್ಲಿಯೂ ತೇರ್ಗಡೆಯಾದ ಮಗನನ್ನು ತಂದೆಯೇ ಶಾಲೆಗೆ ಕರೆದೊಯ್ದು, "ಇವನನ್ನು ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಇರಿಸಿಕೊಳ್ಳಿ" ಎಂದು ಬೇಡುವುದುಂಟೆಂದರೆ ನಂಬುವುದು ಕಷ್ಟ. ಆದರೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ನಡೆಯುತ್ತಿದೆ. ಕಾರಣ, ಆಟ.

ಅಲ್ಲಿ 9ರಿಂದ 12ನೆಯ ತರಗತಿಯವರೆಗಿನ ನಾಲ್ಕು ವರ್ಷಗಳು ಪ್ರೌಢಶಾಲೆಯವು. ಆ ಶಾಲೆಗಳ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಪಂದ್ಯಗಳೆಂದರೆ ಎಷ್ಟೋ ಊರುಗಳಿಗೆ ಜಾತ್ರೆಯ ಸಂಭ್ರಮ. ಕಾಲೇಜಿನ ತರಬೇತುದಾರರು ಆಟಗಾರರನ್ನು ಗುರುತಿಸುವುದು ಈ ವಯಸ್ಸಿನಲ್ಲಿಯೇ. ಅವರ ಕಣ್ಣಿಗೆ ಬಿದ್ದವನಿಗೆ ವಿದ್ಯಾರ್ಥಿವೇತನ ಸಿಗುವ ಸಂಭವವುಂಟು. ಕಾಲೇಜಿನ ಶುಲ್ಕವೆಂಬುದು ಅಲ್ಲಿ ಮಧ್ಯಮವರ್ಗದ ಬೆನ್ನು ಮುರಿಯುವ ಹೊರೆ. ಆದುದರಿಂದ ತಂದೆಯ ಆಸೆಯನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವಂತಿಲ್ಲ.

ರಾಜ್ಯಗಳ ಶಾಲಾ ಕ್ರೀಡಾಸಂಘಗಳು ಸಾಮಾನ್ಯವಾಗಿ ಎರಡು ಬೇಲಿಗಳನ್ನು ಹಾಕಿವೆ. 9ನೆಯ ತರಗತಿಗೆ ಕಾಲಿಟ್ಟಂದಿನಿಂದ ನಾಲ್ಕು ವರ್ಷ ಮಾತ್ರ ಆಡಬಹುದೆಂಬುದು ಒಂದು. ವಯಸ್ಸಿನ ಮಿತಿ ಇನ್ನೊಂದು. ಉದಾಹರಣೆಗೆ ಟೆಕ್ಸಾಸಿನಲ್ಲಿ, ಸೆಪ್ಟೆಂಬರ್ 1ಕ್ಕೆ ಮುಂಚೆಯೇ 19 ತುಂಬಿದವನು ಆ ವರ್ಷ ಆಡುವಂತಿಲ್ಲ. ಆದರೆ ಕಾಲಕ್ಕೆ ಸರಿಯಾಗಿ ಓದಿದ ಹುಡುಗ 17 ಅಥವಾ 18ಕ್ಕೆ ಶಾಲೆ ಮುಗಿಸುತ್ತಾನಲ್ಲವೆ? ಆ ಎರಡು ಬೇಲಿಗಳ ನಡುವೆ ಒಬ್ಬ ಹುಡುಗ ನುಸುಳುವಷ್ಟು ಸಂದಿ ಉಳಿಯಿತು. 9ನೆಯ ತರಗತಿಗೆ ಕಾಲಿಡುವ ಮುನ್ನವೇ, 8ನೆಯದನ್ನು ಎರಡು ಬಾರಿ ಓದಿಸಿದರಾಯಿತು. ಸರ್ಕಾರಿ ಶಾಲೆ ಒಪ್ಪದಿದ್ದರೆ ಶುಲ್ಕ ತೆತ್ತು ಖಾಸಗಿ ಶಾಲೆಗೆ ಸೇರಿಸುವುದುಂಟು. ಯಾವ ನಿಯಮವೂ ಮುರಿಯಲಿಲ್ಲ. ಹುಡುಗನಿಗೆ ಮಾತ್ರ ಒಂದು ವರ್ಷ ಹೆಚ್ಚು ಬಲಿತ ಮೈ ದೊರೆಯಿತು.

ಇದರ ಮೂಲ ಕಾಲೇಜುಗಳಲ್ಲಿದೆ. 1937ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ವಾರನ್ ಆಲ್ಫ್ಸನ್ ಎಂಬ ಆಟಗಾರ, ತಾನು ಆ ವರ್ಷ ತಂಡದೊಡನೆ ಅಭ್ಯಾಸ ಮಾತ್ರ ಮಾಡುವೆನು, ಪಂದ್ಯವಾಡಲಾರೆನು ಎಂದು ಕೇಳಿಕೊಂಡನಂತೆ. ಅವನು ತೊಟ್ಟದ್ದು ಸಂಖ್ಯೆಯಿಲ್ಲದ ಕೆಂಪಂಗಿ. ಅಂದಿನಿಂದ ಆಟಗಾರನನ್ನು ಒಂದು ವರ್ಷ ತಡೆದಿರಿಸುವುದಕ್ಕೆ 'ಕೆಂಪಂಗಿ' ಎಂದೇ ಹೆಸರಾಯಿತೆಂದು ಹೇಳುತ್ತಾರೆ. ಆದರೆ ಆಲ್ಫ್ಸನ್ ಬೆಳೆದ ಯುವಕ. ತನ್ನ ವರ್ಷವನ್ನು ತಾನೇ ಆರಿಸಿಕೊಂಡವನು. ಇಂದು ಆ ಅಂಗಿಯನ್ನು ಶಿಶುವಿಹಾರದ ಮಕ್ಕಳಿಗೂ ತೊಡಿಸುತ್ತಿದ್ದಾರೆ.

ಒಂದು ವರ್ಷದಲ್ಲಿ ಏನು ಮಹಾ ಆದೀತು ಎಂದು ನೀವು ಕೇಳಬಹುದು. 13-14ರ ಹುಡುಗರ ಸಾಲನ್ನೊಮ್ಮೆ ನೆನೆದುಕೊಳ್ಳಿ: ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನಿಗೆ ದನಿಯೂ ಒಡೆದಿರುವುದಿಲ್ಲ. ಕೆನಡದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಅವರೊಮ್ಮೆ ಐಸ್ ಹಾಕಿ ಪಂದ್ಯಕ್ಕೆ ಹೋಗಿದ್ದಾಗ, ಅವರ ಪತ್ನಿ ಪೌಲಾ ಕೈಪಿಡಿಯಲ್ಲಿದ್ದ ಆಟಗಾರರ ಜನ್ಮದಿನಗಳ ಮೇಲೆ ಕಣ್ಣಾಡಿಸಿದರು. ಎಲ್ಲಿ ನೋಡಿದರೂ ಜನವರಿ, ಫೆಬ್ರವರಿ, ಮಾರ್ಚ್! ಅಲ್ಲಿ ಮಕ್ಕಳ ತಂಡಗಳನ್ನು ಜನವರಿ 1ರ ಲೆಕ್ಕದಲ್ಲಿ ವಿಂಗಡಿಸುತ್ತಿದ್ದರು. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ಹಿರಿದು. ಆ ಹಿರಿತನವನ್ನೇ ಪ್ರತಿಭೆಯೆಂದು ಬಗೆದು ಒಳ್ಳೆಯ ತರಬೇತಿಯನ್ನೂ ಹೆಚ್ಚಿನ ಪಂದ್ಯಗಳನ್ನೂ ಕೊಟ್ಟರು. ಕೊಡುತ್ತ ಕೊಡುತ್ತ ಅದು ನಿಜವಾದ ಸಾಮರ್ಥ್ಯವೇ ಆಯಿತು. ಬಾರ್ನ್ಸ್ಲಿ ಮತ್ತು ಸಂಗಡಿಗರು ಇದನ್ನು 1985ರಲ್ಲಿ ಪ್ರಕಟಿಸಿದರು. ಕೆನಡದಲ್ಲಿ ಕಾಕತಾಳೀಯವಾಗಿ ಒದಗಿದ್ದನ್ನು ಅಮೆರಿಕದ ತಂದೆ ಹಣ ಕೊಟ್ಟು ಕೊಳ್ಳುತ್ತಿದ್ದಾನೆ, ಅಷ್ಟೆ.

ಈ ಕಥೆಗೆ ಉತ್ತರಾರ್ಧವೊಂದುಂಟು. ಉತ್ತರ ಅಮೆರಿಕದ ವೃತ್ತಿಪರ ಹಾಕಿ ತಂಡಗಳ ಆಯ್ಕೆಯನ್ನು ಕುರಿತು 2013ರಲ್ಲಿ ಬಂದ ಅಧ್ಯಯನವೊಂದು, ವರ್ಷದ ಕೊನೆಯಲ್ಲಿ ಹುಟ್ಟಿ, ಹೇಗೋ ಉಳಿದು ಮೇಲೆ ಬಂದವರು, ಆಯ್ಕೆಗಾರರು ಎಣಿಸಿದ್ದಕ್ಕಿಂತ ಹೆಚ್ಚನ್ನು ಸಾಧಿಸಿದರೆಂದು ತೋರಿಸಿತು. ನೈಜ ಪ್ರತಿಭೆಗೆ ಸಾಲದ ವರ್ಷ ಬೇಕಿಲ್ಲವೆಂಬುದಕ್ಕೆ ಅಮೆರಿಕದಲ್ಲಿಯೇ ನಿದರ್ಶನವಿದೆ: ಬ್ಯಾಸ್ಕೆಟ್‌ಬಾಲ್ ಆಟಗಾರ ಕೂಪರ್ ಫ್ಲ್ಯಾಗ್ ಶಾಲೆಯನ್ನು ಒಂದು ವರ್ಷ ಮುಂಚಿತವಾಗಿಯೇ ಮುಗಿಸಿ ಡ್ಯೂಕ್ ವಿಶ್ವವಿದ್ಯಾನಿಲಯ ಸೇರಿದನು, 2025ರಲ್ಲಿ, 18ರ ಹರೆಯದಲ್ಲಿ, ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲಿಗನಾದನು. ಎಲ್ಲರೂ ಫ್ಲ್ಯಾಗ್ ಆಗಲಾರರು, ನಿಜ. ಪ್ರೌಢಶಾಲೆಯಲ್ಲಿ ಆಡುವ 100 ಮಂದಿಯಲ್ಲಿ ಕಾಲೇಜಿನ ಕ್ರೀಡಾ ವಿದ್ಯಾರ್ಥಿವೇತನ ಪಡೆಯುವವರು ಸುಮಾರು 2 ಮಂದಿ. ಆ ಇಬ್ಬರಿಗಾಗಿ ಎಷ್ಟು ಮಂದಿ ತಮ್ಮ ಗೆಳೆಯರ ಗುಂಪನ್ನು ಬಿಟ್ಟು ಹಿಂದೆ ನಿಲ್ಲಬೇಕು?

ಬಯಲಾಟದಲ್ಲಿ ಮುಂದಿನ ಸಾಲಿನವನೊಬ್ಬ ಚೆನ್ನಾಗಿ ಕಾಣಲೆಂದು ಎದ್ದು ನಿಂತರೆ, ಹಿಂದಿನವರೆಲ್ಲ ಏಳಲೇಬೇಕಾಗುತ್ತದೆ. ಬೆಳಗಾಗುವ ಹೊತ್ತಿಗೆ ಯಾರಿಗೂ ಹೆಚ್ಚು ಕಂಡಿರುವುದಿಲ್ಲ. ಎಲ್ಲರ ಕಾಲೂ ನೋಯುತ್ತಿರುತ್ತದೆ. ಏಳಲು ಶಕ್ತಿಯಿಲ್ಲದ ಮುದುಕನಿಗಂತೂ ಆಟವೇ ಇಲ್ಲ. ಇಲ್ಲಿ ಆ ಮುದುಕನ ಸ್ಥಾನದಲ್ಲಿರುವವನು ಖಾಸಗಿ ಶಾಲೆಯ ಶುಲ್ಕ ತೆರಲಾರದ ಮನೆಯ ಹುಡುಗ. ತಂಡದಲ್ಲಿ ಅವನ ಸ್ಥಾನ ಹೋದದ್ದು ತನಗಿಂತ ಉತ್ತಮನಿಗಲ್ಲ, ತನಗಿಂತ ಹಿರಿಯನಿಗೆ.

ಅಮೆರಿಕದವರನ್ನು ನೋಡಿ ನಗುವ ಹಕ್ಕು ನಮಗಿದೆಯೆ? ಅವರು ತರಗತಿಯನ್ನು ಹಿಂದಕ್ಕೆ ಸರಿಸಿದರು. ನಾವು ಜನ್ಮದಿನವನ್ನೇ ಮುಂದಕ್ಕೆ ಸರಿಸಿದೆವು. ಅವರದು ನಿಯಮದ ಸಂದಿಯಲ್ಲಿ ನುಸುಳಿದ ಜಾಣತನ. ನಮ್ಮದು ನೇರವಾದ ಸುಳ್ಳು. ಕಿರಿಯರ ಕ್ರಿಕೆಟ್ಟಿನಲ್ಲಿ ವಯಸ್ಸಿನ ಕಾಗದವನ್ನು ನಂಬಲಾರದೆ, ಹುಡುಗನ ಮಣಿಕಟ್ಟಿನ ಎಲುಬಿನ ಚಿತ್ರ ತೆಗೆದು ಪರೀಕ್ಷಿಸುವ ಸ್ಥಿತಿ ನಮಗೆ ಬಂದಿತು. ಆಗ ಭಾರತದ ಕಿರಿಯರ ತಂಡದ ತರಬೇತುದಾರರಾಗಿದ್ದ ನಮ್ಮ ರಾಹುಲ್ ದ್ರಾವಿಡ್ 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುತ್ತ, ಈ ಪಿಡುಗಿನ ಬಗ್ಗೆ ಕಟುವಾಗಿಯೇ ಮಾತನಾಡಿದರು. ತಂದೆತಾಯಿಗಳೂ ತರಬೇತುದಾರರೂ ಸುಳ್ಳು ಪ್ರಮಾಣಪತ್ರ ಮಾಡಿಸುವುದನ್ನು ಕಂಡು ಬೆಳೆದ ಮಗು ಮುಂದೆ ಮೋಸಕ್ಕೆ ಹಿಂಜರಿದೀತೆ ಎಂಬುದು ಅವರ ಮಾತಿನ ತಿರುಳು. ಮರುವರ್ಷವೇ ಕ್ರಿಕೆಟ್ ಮಂಡಳಿ, 19ರೊಳಗಿನವರ ವಿಶ್ವಕಪ್ಪಿನಲ್ಲಿ ಒಬ್ಬ ಆಟಗಾರ ಒಂದೇ ಸಲ ಆಡಬಹುದೆಂಬ ನಿಯಮ ಮಾಡಿತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಗಿಡವಾಗಿದ್ದಾಗ ವಕ್ರವಾಗಿ ಬಗ್ಗಿಸಿದ್ದು ಮರವಾದ ಮೇಲೆ ನೆಟ್ಟಗಾದೀತೆ ಎಂದೂ ಕೇಳಬೇಕಾಗಿದೆ. ನಿಧಾನವಾಗಿ ಕಲಿಯುವ ಮಗುವನ್ನು ಅದರ ಒಳಿತಿಗಾಗಿ ಒಂದು ವರ್ಷ ತಡೆದು ನಿಲ್ಲಿಸುವುದು ಬೇರೆ. ಗೆಲ್ಲಿಸಲೆಂದು ನಿಲ್ಲಿಸುವುದು ಬೇರೆ. ಮೊದಲನೆಯದು ಮಗುವಿಗೆ ಕಾಲವನ್ನು ಕೊಡುತ್ತದೆ. ಎರಡನೆಯದು ಸಾಲ ತರುತ್ತದೆ. ವಯಸ್ಸಿನ ಮಿತಿಯಿಲ್ಲದ ಮೈದಾನಕ್ಕೆ ಇಳಿದ ದಿನ ಆ ಮುಂಗಡವೆಲ್ಲ ಕರಗಿ, ತನ್ನಷ್ಟೇ ಬಲಿತವರೆದುರು ಹುಡುಗ ನಿಲ್ಲಬೇಕಾಗುತ್ತದೆ. ಸಾಲ ಮಾಡಿದವನು ತಂದೆ. ತೀರಿಸಬೇಕಾದವನು, ತನ್ನನ್ನು ಯಾರೂ ಕೇಳದಿದ್ದ ಆ ಹುಡುಗ.