ತುರ್ವಿಹಾಳದಿಂದ ಅಥೆನ್ಸಿಗೆ: ಬೇಸಿಗೆ ರಜೆಯ ಒಂದು ಲೆಕ್ಕಾಚಾರ

ಪರದೇಶ ಪ್ರಯಾಣವೆಂದೊಡನೆ ನಮ್ಮ ಕಡೆಯ ಜನಕ್ಕೆ ಎರಡೇ ಚಿತ್ರಗಳು ಕಣ್ಣಿಗೆ ಕಟ್ಟುತ್ತವೆ. ದುಡಿಮೆಗಾಗಿ ಗಲ್ಫ್ ನಾಡಿಗೆ ಹೋಗುವುದು ಒಂದು. ಅಮೆರಿಕದಲ್ಲಿ ನೌಕರಿಗಿರುವ ಮಗಳು ಬಾಣಂತನಕ್ಕೆಂದು ತಾಯಿಯನ್ನು ಕರೆಸಿಕೊಳ್ಳುವುದು ಇನ್ನೊಂದು. ಯಾವ ಕೆಲಸದ ನಿಮಿತ್ತವೂ ಇಲ್ಲದೆ, ಕೇವಲ ನೋಡಿಬರುವುದಕ್ಕಾಗಿ, ಸ್ವಂತ ಉಳಿತಾಯದ ಹಣದಲ್ಲಿ ಹತ್ತು ದಿನ ಭೂಮಧ್ಯ ಸಮುದ್ರದ ದಂಡೆಗೆ ಹೋಗಿಬರುವುದೆಂದರೆ ಅದು ಸಿರಿವಂತರ ಮಾತೆಂದೇ ತಿಳಿಯಲಾಗಿದೆ. ಹಾಗೆ ತಿಳಿಯಬೇಕಾದುದಿಲ್ಲ. ಸಂಬಳದ ಮೇಲೆ ಬದುಕುವ ಸಂಸಾರಕ್ಕೂ ಇದು ಸಾಧ್ಯ. ಆದರೆ ಹೊರಡುವ ದಿನದಿಂದ ಹಿಮ್ಮುಖವಾಗಿ ಎಣಿಸಿ ಒಂದು ವರ್ಷ ಮೊದಲೇ ಕೆಲಸಕ್ಕೆ ಕೈ ಹಚ್ಚಬೇಕು, ನೋಡುವ ಆಸೆಯನ್ನು ಚಿಕ್ಕದಾಗಿ ಇಟ್ಟುಕೊಳ್ಳಬೇಕು. ನಾನೂ ನನ್ನ ಮನೆಯವರೂ ಗ್ರೀಸ್ ದೇಶಕ್ಕೆ ಹೋಗಿಬರುವ ಸಿದ್ಧತೆಯಲ್ಲಿದ್ದೇವೆ. ಆದಕಾರಣ ಮುಂದೆ ಹೇಳುವುದು ನನ್ನ ಲೆಕ್ಕದ ಪುಸ್ತಕದಿಂದಲೇ ತೆಗೆದುದೆಂದು ವಾಚಕರು ಭಾವಿಸಬೇಕು.

“ಕಾಶಿ ರಾಮೇಶ್ವರ ಬಿಟ್ಟು ಅದ್ಯಾವ ಊರಿಗ್ರೀ ಸರ ಹೊಂಟೀರಿ?” ಎಂದು ಊರವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಕನ್ನಡ ಪಂಡಿತನಾದವನಿಗೆ ಗ್ರೀಸ್ ಅಷ್ಟು ದೂರದ ನಾಡಲ್ಲ ಎಂಬುದು ನನ್ನ ಉತ್ತರ. ನಮ್ಮೂರಿನ ನೆರೆಯ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅದೇ ಅಶೋಕನು ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಐವರು ಯವನ ಅರಸರನ್ನು ಹೆಸರಿಸಿದ್ದಾನೆ. ಅವರಲ್ಲಿ ಒಬ್ಬನಾದ ಅಂತಿಗೋನಸನು ಗ್ರೀಸಿನ ಉತ್ತರದ ಮ್ಯಾಸಿಡೋನಿಯವನ್ನು ಆಳುತ್ತಿದ್ದವನು. ಆ ಶಾಸನ ಮಸ್ಕಿಯಲ್ಲಿಲ್ಲ. ಅದನ್ನು ನೋಡಬೇಕಾದರೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಇನ್ನು ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಬರೆದ ಮೊದೊಗೌಲ್ಲವೇ ನಮ್ಮ ಮುದಗಲ್ಲೆಂದು ವಿದ್ವಾಂಸರು ಗುರುತಿಸಿದ್ದಾರೆ.

ಇವೆಲ್ಲಕ್ಕೂ ಹೆಚ್ಚಾಗಿ ನನ್ನನ್ನು ಎಳೆಯುತ್ತಿರುವವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ಅವರು ‘ಅಶ್ವತ್ಥಾಮನ್’ ಬರೆದರು; ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು 1935ರಲ್ಲಿ ಕನ್ನಡಿಸಿದರು. ಆ ‘ಪಾರಸಿಕರು’ ಕ್ರಿಸ್ತಪೂರ್ವ 472ರಲ್ಲಿ ಅಥೆನ್ಸ್ ನಗರದ ದಿಯೊನೀಸಸ್ ಹಬ್ಬದಲ್ಲಿ ಆಡಲ್ಪಟ್ಟ ನಾಟಕ. ಆ ದೇವತೆಯ ರಂಗಸ್ಥಳ ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಇಂದಿಗೂ ಇದೆ. ನಾಟಕದಲ್ಲಿ ವರ್ಣಿತವಾದ ಸಲಮಿಸ್ ಕಾಳಗ ನಡೆದ ಕಡಲಗಂಡಿಯನ್ನು ಅಥೆನ್ಸಿನ ಪಕ್ಕದ ಪೆರಾಮದಿಂದ ದೋಣಿಯಲ್ಲಿ ಕಾಲು ಗಂಟೆಯಲ್ಲಿ ದಾಟಬಹುದು. ತರಗತಿಯಲ್ಲಿ ನಿಂತು ಮೂವತ್ತು ವರ್ಷ ‘ಗ್ರೀಕ್ ರುದ್ರನಾಟಕ’ ಎಂದು ಹೇಳುತ್ತ ಬಂದವನಿಗೆ ಆ ಕಲ್ಲುಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬರಬೇಕೆನ್ನಿಸುವುದು ಸಹಜ. ನಿಮಗೆ ಬೇರೆ ನಾಡಿನ ಬೇರೆ ಆಸೆಯಿರಬಹುದು. ಇಟಲಿಯಾಗಲಿ ಸ್ಪೇನಾಗಲಿ, ಇಂಥದೊಂದು ಖಚಿತವಾದ ಆಸೆಯಿದ್ದರೆ ಯೋಜನೆ ಅರ್ಧ ಮುಗಿದಂತೆ. ಯಾವುದನ್ನು ಬಿಡಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.

ಮೊದಲ ಕೆಲಸ ಕಾಗದಪತ್ರಗಳದು, ಅದರಲ್ಲಿಯೂ ಹೆಸರು ಮತ್ತು ಹುಟ್ಟಿದ ದಿನದ್ದು. ನಮ್ಮ ಸೀಮೆಯಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿದೆ! ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆಗೆ ತಾರೀಖು ತಿಳಿಯದಿದ್ದಾಗ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ಅದರಿಂದ ಬಾಧಕವೇನೂ ಇಲ್ಲ. ಎಲ್ಲ ಕಾಗದಗಳಲ್ಲಿಯೂ ಅದೇ ಜೂನ್ 1 ಇದ್ದರಾಯಿತು. ತೊಡಕು ಬರುವುದು ಹೆಸರಿನಲ್ಲಿ. ಆಧಾರ್ ಚೀಟಿಯಲ್ಲಿ ಶರಣಮ್ಮ, ಶಾಲೆಯ ದಾಖಲೆಯಲ್ಲಿ ಶರಣವ್ವ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಕೊಂಡು ಮತ್ತೊಂದು. ಒಂದರಲ್ಲಿ ಊರಿನ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಗೆ ಬೇರೆ ಜಾಗವಿರುತ್ತದೆ. ಅದನ್ನು ಖಾಲಿ ಬಿಟ್ಟರೆ ವಿಮಾನದ ಚೀಟಿ ಮಾಡಿಸುವಾಗ ಫಜೀತಿಯಾಗುತ್ತದೆ. ಆದ್ದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಗಂಡಹೆಂಡಿರಿಬ್ಬರ ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಹರಡಿಕೊಂಡು ಅಕ್ಷರ ಅಕ್ಷರವಾಗಿ ತಾಳೆ ನೋಡಿರಿ. ಇಂಗ್ಲಿಷಿನ ಒಂದು ‘ಎ’ ಹೆಚ್ಚುಕಮ್ಮಿಯಾದರೂ ತಿದ್ದಿಸಿಬಿಡಿ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು. ವರ್ಷದ ಮೊದಲೇ ಆರಂಭಿಸಿರೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕಾಗಿಯೇ.

ಪಾಸ್‌ಪೋರ್ಟಿನ ಸಾಧಾರಣ ಶುಲ್ಕ ದೊಡ್ಡವರಿಗೆ 1,500 ರೂಪಾಯಿ. ಸರಕಾರಿ ನೌಕರರಾದವರು ಮೇಲಧಿಕಾರಿಗೆ ಪೂರ್ವಸೂಚನೆಯ ಪತ್ರ ಕೊಡಬೇಕು, ಇಲ್ಲವೆ ಅವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಪ್ರಯಾಣಕ್ಕೆ ಇಲಾಖೆಯ ಅನುಮತಿ ಬೇರೆ. ಈ ಕಡತ ಮೇಜಿನಿಂದ ಮೇಜಿಗೆ ಯಾವ ವೇಗದಲ್ಲಿ ಸಾಗುತ್ತದೆಂಬುದನ್ನು ಮೇಷ್ಟ್ರುಗಳಿಗೆ ನಾನು ವಿವರಿಸಬೇಕಾಗಿಲ್ಲ. ನಿವೃತ್ತಿಯಾದ ಮೇಲೆ ಹೋದರೆ ಈ ತೊಂದರೆ ತಪ್ಪುತ್ತದೆ ಎಂಬುದು ನಿಜ. ಆದರೆ ಮೊಣಕಾಲು ನಿವೃತ್ತಿಯವರೆಗೆ ಕಾಯುತ್ತದೆಂಬ ಭರವಸೆ ಯಾರಿಗಿದೆ? ನನ್ನ ಮನೆಯವರಿಗೆ ಈಗಲೇ ಮೆಟ್ಟಿಲು ಹತ್ತುವುದು ಕಷ್ಟ. ನಾವು ಅನುಮತಿಯ ಕಷ್ಟವನ್ನೇ ಆರಿಸಿಕೊಂಡೆವು.

ಯಾವಾಗ ಹೋಗಬೇಕು? ಭೂಮಧ್ಯ ಸಮುದ್ರದ ನಾಡುಗಳ ಹವೆ ನಮ್ಮದಕ್ಕೆ ವಿಪರೀತ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರಾ ಒಣಗಾಲ. ಜುಲೈ, ಆಗಸ್ಟ್ ತಿಂಗಳ ಬಿಸಿಲು ರಾಯಚೂರಿನವರಿಗೆ ಹೊಸದೇನಲ್ಲವಾದರೂ ಅದನ್ನೇ ನೋಡಲು ಲಕ್ಷಗಟ್ಟಲೆ ಹಣ ಸುರಿಯಬೇಕಿಲ್ಲ. 2023ರಿಂದೀಚೆಗೆ ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸ್ಸನ್ನು ನಡುಹಗಲಿನಲ್ಲಿ ಮುಚ್ಚಿದ್ದೂ ಉಂಟು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ಅಲ್ಲಿ ಆಗ ವಸಂತ. ತುರ್ವಿಹಾಳದಲ್ಲಿ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಹಾಕಿಕೊಂಡು ಕೂಡುವ ದಿನಗಳಲ್ಲಿ ಅಲ್ಲಿಯವರು ಹೊತ್ತು ಮುಳುಗಿದ ಮೇಲೆ ತೆಳ್ಳಗಿನ ಸ್ವೆಟರ್ ಹಾಕಿಕೊಳ್ಳುತ್ತಾರೆ. ದಸರೆಯ ರಜೆಯೂ ಒಳ್ಳೆಯ ಕಾಲವೇ. ಆದರೆ ಒಂದು ನಷ್ಟವನ್ನು ಒಪ್ಪಿಕೊಳ್ಳಬೇಕಾಗುತ್ತದೆ: ಎಪಿಡಾರಸ್ಸಿನ ಪುರಾತನ ರಂಗಮಂದಿರದಲ್ಲಿ ಹಳೆಯ ನಾಟಕಗಳನ್ನು ಆಡುವ ಉತ್ಸವ ನಡು ಬೇಸಿಗೆಯಲ್ಲಿ ನಡೆಯುವಂಥದು. ಮೇಷ್ಟ್ರ ರಜೆಯಲ್ಲಿ ಕಲ್ಲನ್ನು ನೋಡಬಹುದು, ಆಟವನ್ನು ನೋಡಲಾಗದು.

ಇನ್ನೊಂದು ಎಚ್ಚರ. ಅಲ್ಲಿಯ ಕ್ರೈಸ್ತರ ಈಸ್ಟರ್ ನಮ್ಮ ಜಾತ್ರೆಯಂತೆ; ಪಟ್ಟಣದವರೆಲ್ಲ ಹಳ್ಳಿಗೆ ಹೋಗುತ್ತಾರೆ, ಬಸ್ಸು ಹಡಗುಗಳು ತುಂಬಿರುತ್ತವೆ, ಹಬ್ಬದ ದಿನ ಪುರಾತನ ಸ್ಥಳಗಳು ಮುಚ್ಚಿರುತ್ತವೆ. ಇದು ಪ್ರತಿವರ್ಷ ಸರಿಯುವ ಹಬ್ಬ. 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2. ಮೇ 1ರಂದೂ ಎಲ್ಲ ಬಂದ್. ಪಂಚಾಂಗ ನೋಡಿ ಮುಹೂರ್ತ ಇಡುವ ನಾವು ಅವರ ಪಂಚಾಂಗವನ್ನೂ ನೋಡಿಕೊಳ್ಳುವುದು ಕ್ಷೇಮ.

ಈಗ ವೀಸಾದ ಮಾತು. ಗ್ರೀಸ್, ಇಟಲಿ, ಸ್ಪೇನ್, ಫ್ರಾನ್ಸ್ ಇವೆಲ್ಲಕ್ಕೂ ಒಂದೇ ವೀಸಾ. ಷೆಂಗೆನ್ ವೀಸಾ ಎಂದು ಹೆಸರು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಸ್ವೀಕರಿಸುವುದಿಲ್ಲ. ಹದಿನೈದು ದಿನಕ್ಕಿಂತ ತಡವಾಗಿ ಕೊಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ ಹದಿನೈದು ದಿನ, ಸಂಶಯ ಬಂದರೆ ನಲವತ್ತೈದು. ಆದ್ದರಿಂದ ಏಪ್ರಿಲ್‌ನಲ್ಲಿ ಹೊರಡುವವರು ಜನವರಿಯಲ್ಲಿಯೇ ಅರ್ಜಿ ಕೊಟ್ಟುಬಿಡಬೇಕು; ಪಾಸ್‌ಪೋರ್ಟು ದಸರೆಗೆ ಕೈಯಲ್ಲಿರಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ. ನಿರಾಕರಿಸಿದರೂ ಅದು ಮರಳಿ ಬಾರದು. ಬೆರಳಚ್ಚು ಕೊಡಲು ಸ್ವತಃ ಬೆಂಗಳೂರಿಗೆ ಹೋಗಬೇಕು. ಸಿಂಧನೂರಿಗೆ 2024ರಲ್ಲಿ ರೈಲು ಬಂದುದರಿಂದ ಬಸ್ಸಿನಲ್ಲಿ ಬೆನ್ನು ನೋಯಿಸಿಕೊಳ್ಳಲಾರದವರಿಗೆ ದಾರಿಯಾಗಿದೆ.

ಅರ್ಜಿಯ ಜೊತೆಗೆ ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ಕಾಗದ, ರಜೆಯ ಮಂಜೂರಾತಿ, ಉಳಿಯುವ ಕೋಣೆಯ ಮುಂಗಡ ಚೀಟಿ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಇಷ್ಟು ಇರಬೇಕು. ಅವರು ತಿಳಿಯಬಯಸುವುದು ಒಂದೇ: ಈ ಮನುಷ್ಯ ತನ್ನ ಖರ್ಚು ತಾನು ಭರಿಸಿ ಮನೆಗೆ ಮರಳುವನೇ? ಖಾತೆಗೆ ಸಾಲದ ಹಣವನ್ನು ಒಮ್ಮೆಲೆ ತುಂಬಿ ತೋರಿಸಿರೆಂದು ಉಪಾಯ ಹೇಳಿಕೊಡುವ ದಲ್ಲಾಳಿಗಳಿದ್ದಾರೆ. ಅವರ ಮಾತು ಬೇಡ. ತಿಂಗಳು ತಿಂಗಳು ಬಂದ ಸಂಬಳ, ತಿಂಗಳು ತಿಂಗಳು ಉಳಿದ ಹಣ, ಹೆಸರಿಗೊಂದು ಮನೆ, ಕಾದಿರುವ ನೌಕರಿ, ಇವೇ ಸಾಕಾದ ಸಾಕ್ಷ್ಯ. ವೀಸಾ ಕೈಗೆ ಬರುವವರೆಗೆ ಹಣ ಮರಳದಂಥ ವಿಮಾನದ ಚೀಟಿ ಕೊಳ್ಳಬೇಡಿರಿ.

ಖರ್ಚಿನ ವಿಷಯದಲ್ಲಿ ನನ್ನ ಅಂದಾಜು ಹೀಗಿದೆ. ಯೂರೋವನ್ನು ನೂರು ರೂಪಾಯಿ ಚಿಲ್ಲರೆಗೆ ಹಿಡಿದುಕೊಂಡಿದ್ದೇನೆ. ಇಬ್ಬರಿಗೆ ಸಾಧಾರಣ ಕೋಣೆ ದಿನಕ್ಕೆ 80 ಯೂರೋ, ಊಟಕ್ಕೆ 40, ಬಸ್ಸು ಮತ್ತು ಪ್ರವೇಶಕ್ಕೆ 30. ಹತ್ತು ದಿನಕ್ಕೆ 1,500 ಯೂರೋ. ವಿಮಾನಕ್ಕೆ ಇಬ್ಬರಿಗೆ ಒಂದು ಲಕ್ಷ ನಲವತ್ತು ಸಾವಿರ, ವೀಸಾ ವಿಮೆಗಳಿಗೆ ಮೂವತ್ತು ಸಾವಿರ. ಅಂತೂ ಮೂರೂವರೆ ಲಕ್ಷದ ಒಳಗೆ. ಇದು ಸಣ್ಣ ಮೊತ್ತವಲ್ಲ. ನಮ್ಮ ಮನೆಯಲ್ಲಿ ಇದಕ್ಕಾಗಿ ನಾಲ್ಕು ವರ್ಷ ಆವರ್ತ ಠೇವಣಿ ಕಟ್ಟಿದೆವು. ಆಸ್ಪತ್ರೆಗೆಂದು ಇಟ್ಟ ಹಣವನ್ನು ಮುಟ್ಟಿ ಹೊರಡುವುದಾಗಲಿ, ಹೊಲದ ಮೇಲೆ ಸಾಲ ಎತ್ತುವುದಾಗಲಿ ಕೂಡದು. ಹಾಗೆ ಮಾಡಬೇಕಾಗಿ ಬಂದರೆ ಇನ್ನೆರಡು ವರ್ಷ ಕಾಯುವುದೇ ಲೇಸು. ತಂಡಪ್ರವಾಸದ ಕಂಪನಿಗೆ ಹಣ ಕಟ್ಟಿದವರು ಅವರು ಮೂಲದಲ್ಲೇ ಹಿಡಿಯುವ ತೆರಿಗೆಯ ರಸೀದಿಯನ್ನು ಜೋಪಾನವಾಗಿಡಿ, ವರ್ಷದ ತೆರಿಗೆ ಲೆಕ್ಕದಲ್ಲಿ ಅದು ಜಮೆಯಾಗುತ್ತದೆ.

ಹತ್ತು ದಿನಕ್ಕೆ ಎರಡೇ ಊರು. ಅಥೆನ್ಸಿನಲ್ಲಿ ಆರು ರಾತ್ರಿ; ಅಲ್ಲಿಂದ ಬಸ್ಸಿನಲ್ಲಿ ನಾಫ್ಲಿಯೊ ಎಂಬ ಕಡಲ ದಂಡೆಯ ಚಿಕ್ಕ ಊರಿಗೆ ಹೋಗಿ ನಾಲ್ಕು ರಾತ್ರಿ. ಎಪಿಡಾರಸ್, ಮೈಸೀನಿಗಳು ಅದಕ್ಕೆ ಸಮೀಪ. ಸಾಂಟೊರಿನಿ ದ್ವೀಪದ ಬಿಳಿಯ ಮನೆಗಳನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿಗೆ ಹೋಗಿಬರಲು ಆಗುವ ಖರ್ಚನ್ನು ನೋಡಿ, ಆ ಮನೆಗಳನ್ನು ಕ್ಯಾಲೆಂಡರಿನಲ್ಲಿ ನೋಡಿದರೆ ಸಾಕೆಂದು ತೀರ್ಮಾನಿಸಿದ್ದೇನೆ. ಅಕ್ರೊಪೊಲಿಸ್ ಪ್ರವೇಶಕ್ಕೆ 2025ರ ಏಪ್ರಿಲ್‌ನಿಂದ 30 ಯೂರೋ. ಗಂಟೆ ಗೊತ್ತುಮಾಡಿ ಮೊದಲೇ ಚೀಟಿ ಕೊಳ್ಳಬೇಕು. ದಿಯೊನೀಸಸ್ ರಂಗಸ್ಥಳ ಅದೇ ಚೀಟಿಯಲ್ಲಿ ಸೇರಿದೆ. ಬೆಳಗಿನ ಮೊದಲ ಗಂಟೆಯನ್ನೇ ಹಿಡಿಯಿರಿ. ಸಾವಿರಾರು ವರ್ಷ ಜನ ತುಳಿದ ಅಮೃತಶಿಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಚಪ್ಪಲಿ ಬೇಡ, ರಬ್ಬರ್ ತಳದ ಬೂಟು ಇರಲಿ. ಸೀರೆ ಉಟ್ಟವರಿಗೂ ಇದೇ ಮಾತು.

ಊಟಕ್ಕೆ ಅಂಜಬೇಕಾಗಿಲ್ಲ. ಅಲ್ಲಿಯ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರಾದ್ದರಿಂದ ಸಸ್ಯಾಹಾರ ಅವರಿಗೆ ಅಪರಿಚಿತವಲ್ಲ. ಹಳದಿ ಬ್ಯಾಳಿಯ ಗಟ್ಟಿ ಪಪ್ಪು, ಬೇಯಿಸಿದ ಸೊಪ್ಪು, ದೊಡ್ಡ ಅವರೆಕಾಳಿನಂಥ ಕಾಳು ದೊರೆಯುತ್ತವೆ. ‘ಖೋರಿಸ್ ಕ್ರೇಆಸ್’ ಎಂದರೆ ಮಾಂಸವಿಲ್ಲದೆ; ಮೀನೂ ಬೇಡವಾದರೆ ‘ಖೋರಿಸ್ ಪ್ಸಾರಿ’ ಎಂದು ಸೇರಿಸಬೇಕು. ಅವರ ಭಾಷೆಯಲ್ಲಿ ‘ನೆ’ ಎಂದರೆ ಹೌದು! ನಮ್ಮವರು ಅದನ್ನು ನಕಾರವೆಂದು ತಿಳಿದು ತಟ್ಟೆ ಹಿಂದೆ ಕಳಿಸುವ ಸಂಭವವಿದೆ. ಲಿಪಿಯಲ್ಲಿರುವುದು ಇಪ್ಪತ್ನಾಲ್ಕೇ ಅಕ್ಷರ. ಆಲ್ಫಾ, ಬೀಟಾ, ಥೀಟಾ, ಪೈ ಬಲ್ಲ ಗಣಿತದ ಮೇಷ್ಟ್ರಿಗೆ ಕೆಲವು ಬಂದೇ ಇವೆ. ಉಳಿದವನ್ನು ಒಂದು ವಾರದಲ್ಲಿ ಕಲಿತರೆ ಬಸ್ಸಿನ ಬೋರ್ಡು ಓದಬಹುದು.

ಬುತ್ತಿ ಕಟ್ಟುವಾಗ ಕಾಯಿದೆ ತಿಳಿದಿರಲಿ. ಯುರೋಪಿನೊಳಕ್ಕೆ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ, ಪೇಢೆ, ಕುಂದಾ ಮನೆಯಲ್ಲೇ ಉಳಿಯಬೇಕು. ಏಪ್ರಿಲ್ ತಿಂಗಳಾದುದರಿಂದ ಮಾವಿನಹಣ್ಣು ಒಯ್ಯಲು ಮನಸ್ಸಾಗುತ್ತದೆ. ಸಸ್ಯಾರೋಗ್ಯದ ಪ್ರಮಾಣಪತ್ರವಿಲ್ಲದೆ ಅದಕ್ಕೂ ಪ್ರವೇಶವಿಲ್ಲ. ಬಾಳೆಹಣ್ಣು, ತೆಂಗಿನಕಾಯಿಗಳಿಗೆ ಅಡ್ಡಿಯಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ ಚಟ್ನಿ ನಿಶ್ಚಿಂತೆಯಿಂದ ಕಟ್ಟಿಕೊಳ್ಳಬಹುದು. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳು ಕೈಚೀಲದಲ್ಲಿರಲಿ, ವೈದ್ಯರ ಚೀಟಿ ಜೊತೆಗಿರಲಿ. ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹೋದರೂ ಗುಳಿಗೆ ತಪ್ಪಬಾರದು.

2025ರ ಅಕ್ಟೋಬರ್ 12ರಿಂದ ಅಲ್ಲಿಯ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಚಿತ್ರವನ್ನೂ ಬೆರಳಚ್ಚನ್ನೂ ಪಡೆಯುವ ಏರ್ಪಾಡು ಹಂತಹಂತವಾಗಿ ಬಂದಿದೆ. ಸಾಲು ಉದ್ದವಾಗಬಹುದು, ಇಳಿದ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿರಿ. ಕೋಣೆಯ ವಿಳಾಸ ಬರೆದ ಚೀಟಿ ಗಂಡನ ಕಿಸೆಯಲ್ಲಿ ಒಂದು, ಹೆಂಡತಿಯ ಚೀಲದಲ್ಲಿ ಒಂದು ಇರಲಿ. ಪಾಸ್‌ಪೋರ್ಟಿನ ನಕಲು ಊರಿನಲ್ಲಿ ಮಗನ ಹತ್ತಿರವೂ ಇರಲಿ. ಅಲ್ಲಿಯ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಥೆನ್ಸಿನಲ್ಲಿ ಸಂಜೆ ಏಳಕ್ಕೆ, ಇನ್ನೂ ಬೆಳಕಿದೆಯೆಂದು ಫೋನು ಹಚ್ಚಿದರೆ ತುರ್ವಿಹಾಳದಲ್ಲಿ ರಾತ್ರಿ ಒಂಬತ್ತೂವರೆ. ಮೊಮ್ಮಕ್ಕಳ ದನಿ ಕೇಳಬೇಕೆನ್ನುವವರು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮಾತಾಡಿಕೊಳ್ಳಬೇಕು.