ಮೇಷ್ಟ್ರ ಕೆಲಸವನ್ನು ಅಳೆದ ಬಗೆ

ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ, ಬೆಂಗಳೂರಿನ ನಮ್ಮ ಆರ್.ಟಿ. ನಗರದ ಆಸುಪಾಸಿನಲ್ಲಿ ಉರ್ದು, ತಮಿಳು, ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಕೂಲಿ ಅರಸಿ ಬಂದವರ ಮಕ್ಕಳೂ ಇದ್ದಾರೆ. ಇಂಥ ಮಕ್ಕಳಿಗೆ ಕಲಿಸುವ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳ ಕೆಲಸವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ನೂರೈವತ್ತು ವರ್ಷ ದಾಟಿದೆ.

1862ರಲ್ಲಿ ಇಂಗ್ಲೆಂಡ್ ಒಂದು ನಿಯಮ ತಂದಿತು. ಇನ್‌ಸ್ಪೆಕ್ಟರರ ಮುಂದೆ ಓದು, ಬರಹ, ಲೆಕ್ಕದಲ್ಲಿ ಎಷ್ಟು ಮಕ್ಕಳು ಪಾಸಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಅನುದಾನ. ಈ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಅದರಲ್ಲೇ ಇದ್ದವು. ಪಾಠವೆಂದರೆ ಉರುಹೊಡೆಸುವುದು ಎಂಬಂತಾಯಿತು. ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡೇ ಅದನ್ನು ಕೈಬಿಟ್ಟಿತು.

ಆದರೆ ತನಿಖೆಗೆ ಇನ್ನೊಂದು ಮುಖವೂ ಇತ್ತು. ಅದೇ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ತಮ್ಮ ತನಿಖಾಧಿಕಾರಿ ಹುದ್ದೆಯನ್ನು ಕನ್ನಡ ಶಾಲೆ ಕಟ್ಟುವುದಕ್ಕೆ ಬಳಸಿದರು.

ಸ್ವಾತಂತ್ರ್ಯ ಬಂದ ಮೇಲೂ, ನೌಕರನ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಗುಪ್ತ ವರದಿಯ ಪದ್ಧತಿ ಮುಂದುವರಿಯಿತು. ನೌಕರನ ಬಗ್ಗೆ ಬರೆದ ಪ್ರತಿಯೊಂದು ಷರಾವನ್ನೂ ಅವನಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ, ದೇವ್ ದತ್ ಪ್ರಕರಣದಲ್ಲಿ. ಅಷ್ಟರಲ್ಲಿ ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದು, ತಂದೆತಾಯಿಯರೂ ಶಾಲೆಯ ಆಗುಹೋಗು ಕೇಳುವಂತಾಗಿತ್ತು.

ಇಷ್ಟಾದರೂ ಹಳೆಯ ಅಳತೆ ಹೋಗಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿದರೆ ಮೊದಲು ನೋಟಿಸ್ ಬರುವುದು ಶಾಲೆಗೆ. 2023ರಲ್ಲಿ ಶೇ. 83.89 ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಕೆಟ್ಟವರಾಗಲಿಲ್ಲ. ಪರೀಕ್ಷೆಯ ಮೇಲಿನ ಕಾವಲು ಬಿಗಿಯಾಯಿತು. ಹಾಗಿದ್ದ ಮೇಲೆ ಶೇಕಡಾವಾರು ಲೆಕ್ಕವೊಂದರಿಂದಲೇ ಮೇಷ್ಟ್ರನ್ನು ತೂಗುವುದು ನ್ಯಾಯವಲ್ಲ.

ಹಾಗೆಂದು ಅಳೆಯುವುದೇ ಬೇಡವೆಂದಲ್ಲ. ಬಡವರ ಮಕ್ಕಳಿಗೆ ಒಳ್ಳೆಯ ಪಾಠ ಸಿಗುತ್ತಿದೆಯೇ ಎಂದು ಕೇಳುವ ಹಕ್ಕು ಊರಿಗಿದೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಗೆ ಬಂದಾಗ ದಾಖಲೆ ತಿರುವಿಹಾಕಿ ಹೊರಡದೆ, ತರಗತಿಯಲ್ಲಿ ಕೂತು ಒಂದು ಪಾಠ ಪೂರ್ತಿ ಕೇಳಲಿ. ಜೂನ್‌ನಲ್ಲಿ ಕನ್ನಡ ಅಕ್ಷರ ಗೊತ್ತಿಲ್ಲದ ಮಗು ಮಾರ್ಚ್‌ನಲ್ಲಿ ಒಂದು ಪುಟ ಓದಿದರೆ, ಅದು ಮೇಷ್ಟ್ರ ಲೆಕ್ಕಕ್ಕೆ ಸೇರಲಿ. ಗಣತಿ, ಸಮೀಕ್ಷೆಗಳಿಗೆ ಹೋದ ದಿನಗಳೂ ಲೆಕ್ಕಕ್ಕೆ ಬರಲಿ. ಕೊರತೆ ಕಂಡಲ್ಲಿ ನೋಟಿಸಿಗಿಂತ ಮೊದಲು ತರಬೇತಿ ಸಿಗಲಿ. ಶಿಕ್ಷಕರನ್ನು ಅಳೆಯುವವರು ಅವರಿಗೆ ನೆರವಾಗುವ ಹೊಣೆಯನ್ನೂ ಹೊರಬೇಕು.