ಪಾರಿಜಾತದ ರಾತ್ರಿಗಳು

ನಮ್ಮೂರು ರನ್ನ ಬೆಳಗಲಿ. ಮುಧೋಳ ಸೀಮೆಯ ಊರು. ಗದಾಯುದ್ಧವನ್ನು ಬರೆದ ಕವಿಚಕ್ರವರ್ತಿಯ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತುಕೊಂಡಿದೆ. ಪಂಡಿತ ಶಿಕ್ಷಣ ಪಡೆದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನಿಂದ ತಾವು ರನ್ನನ ಮಾತನ್ನೇ ನಿರೀಕ್ಷಿಸಿದರೆ ತಪ್ಪಲ್ಲ. ಆದರೆ ಈ ಹೊತ್ತು ಹೇಳಬೇಕೆಂದಿರುವುದು ಬೇರೊಂದು ಕೃತಿಯ ಮಾತು. ಅದನ್ನು ಓದಿ ಬಲ್ಲವರು ಕಡಿಮೆ. ಕೇಳಿ ಬಲ್ಲವರು ಒಂದು ಕಾಲಕ್ಕೆ ಈ ಸೀಮೆಯ ತುಂಬ ಇದ್ದರು. ಅದು ಶ್ರೀಕೃಷ್ಣ ಪಾರಿಜಾತ.

ಕಥೆ ತಮಗೆ ಗೊತ್ತಿದ್ದದ್ದೇ. ನಾರದ ದೇವಲೋಕದಿಂದ ಪಾರಿಜಾತದ ಹೂವನ್ನು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಒಂದು ಹೂವಿನ ಮುನಿಸು ಬೆಳಗಿನವರೆಗೂ ನಡೆಯುತ್ತದೆ. ಅಪರಾಳದ ತಮ್ಮಣ್ಣ ರಚಿಸಿದ ಈ ಕೃತಿಯನ್ನು ಗೋಕಾವಿ ಕಡೆಯ ಕುಲಗೋಡದ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಆಟವಾಗಿಸಿದನೆಂದು ಬಲ್ಲವರು ಹೇಳುತ್ತಾರೆ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದರ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದರು.

ಚಿಕ್ಕಂದಿನಲ್ಲಿ ನಾನು ಅವ್ವನ ಮಗ್ಗುಲಲ್ಲಿ ಕಂಬಳಿ ಹೊದ್ದು ಕುಳಿತು ಈ ಆಟವನ್ನು ನೋಡಿದ್ದೇನೆ. ಹಿಂದೆ ಪೇಟಿ, ತಬಲಾ, ತಾಳ, ಮುಂದೆ ಭಾಗವತ. ದೂತಿಗೂ ಅವನಿಗೂ ಮಾತಿನ ಜಟಾಪಟಿ ಹತ್ತಿತೆಂದರೆ ನಿದ್ದೆ ಹಾರಿಹೋಗುತ್ತಿತ್ತು. ಆ ಮಾತು ಪುಸ್ತಕದ್ದಲ್ಲ, ನಮ್ಮ ಓಣಿಯದು. ಜನರ ನಡುವಿನಿಂದ ಯಾರೋ ಒಬ್ಬರು ಒಂದು ಮಾತು ಒಗೆದರೆ ದೂತಿ ಅದಕ್ಕೂ ಉತ್ತರ ಕೊಟ್ಟೇ ಮುಂದೆ ಹೋಗುವಳು. ಹಾಡು, ನಗೆ, ಕುಣಿತ, ಭಕ್ತಿ, ಜಗಳ ಎಲ್ಲವೂ ಒಂದೇ ರಾತ್ರಿಯಲ್ಲಿ ಒಂದೇ ಅಟ್ಟದ ಮೇಲೆ ಸಿಗುತ್ತಿದ್ದವು.

ಇಂದು ಜಾತ್ರೆಯ ಪಟ್ಟಿ ಎತ್ತುವಾಗ ತರುಣರು ರಸಮಂಜರಿ ಕಾರ್ಯಕ್ರಮವನ್ನು ಕೇಳುತ್ತಾರೆ. ಅವರನ್ನು ನಾನು ಬಯ್ಯಲಾರೆ. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಮನರಂಜನೆ ಮೆಲ್ಲಮೆಲ್ಲನೆ ಮನೆಯೊಳಗೇ ಬಂದು ಕುಳಿತಿತು. ಅವರು ಅದನ್ನು ನೋಡುತ್ತಲೇ ಬೆಳೆದರು. ಬಯ್ಯಬೇಕಾದದ್ದು ನನ್ನಂಥವನನ್ನು. ಏಕೆಂಬುದನ್ನು ಹೇಳುತ್ತೇನೆ.

ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ ಕಾಲ. ಪಾರಿಜಾತದಲ್ಲಿ ಹಾಡುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ತಮ್ಮ ಮೇಳದ ಹಾಡುಗಳನ್ನು ಬರೆದಿಡಬೇಕೆಂದು ಕೇಳಿಕೊಂಡರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಎರಡು ಪುಟವಾದ ಮೇಲೆ ನನ್ನೊಳಗಿನ ಪಂಡಿತ ತಡೆಯಲಾರದೆ ಕೆಂಪು ಶಾಯಿಯ ಪೆನ್ನು ತೆಗೆದ. ಇಲ್ಲಿ ಮಾತ್ರೆ ಹೆಚ್ಚಾಯಿತು, ಅಲ್ಲಿ ಪ್ರಾಸ ಕೆಟ್ಟಿತು, ಈ ಶಬ್ದ ಅಶುದ್ಧ ಎಂದು ಗೆರೆ ಎಳೆದೆ. ಅವರು ಸುಮ್ಮನೆ ನೋಡಿ, "ಮಾಸ್ತರ, ಓದಿದ್ರ ತಪ್ಪ ಕಾಣ್ತೈತ್ರಿ; ಹಾಡಿದ್ರ ಸರಿ ಬರ್ತೈತ್ರಿ" ಅಂದರು. "ಕಾಕಾ, ತಿದ್ದಿ ಕೊಡತೇನಿ, ಮುಂದಿನ ವಾರ ಬರ್ರಿ" ಅಂದೆ. ಅವರು ಮತ್ತೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ತೀರಿಕೊಂಡರು. ಅವರೊಡನೆ ಎಷ್ಟು ಹಾಡು ಹೋದವೋ ಎಣಿಸಿದವರಿಲ್ಲ.

ಅವರ ಮಾತು ನಿಜವಾಗಿತ್ತು. ಹಾಡುಗಾರ ಒಂದಕ್ಷರವನ್ನು ಎಳೆಯುತ್ತಾನೆ, ಇನ್ನೊಂದನ್ನು ನುಂಗುತ್ತಾನೆ. ತಾಳಕ್ಕೆ ಲೆಕ್ಕ ಕೂಡುತ್ತದೆ. ಕನ್ನಡ ನಾಡಿನ ಜನ ಓದದೆಯೇ ಕಾವ್ಯದಲ್ಲಿ ಪರಿಣತರು ಎಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದೆ. ರನ್ನನಾದರೂ ಬಳೆಗಾರರ ಮನೆಯ ಮಗ. ಇದನ್ನು ತರಗತಿಯಲ್ಲಿ ಹತ್ತಾರು ಸಲ ಪಾಠ ಹೇಳಿದವನಿಗೆ ಮನೆಯ ಕಟ್ಟೆಯ ಮೇಲೆ ಅದು ನೆನಪಾಗಲಿಲ್ಲ.

ಹೀಗೆ ತಿದ್ದಹೊರಟ ಕೈ ನನ್ನದೊಂದೇ ಅಲ್ಲ. ಪೇಟಿ ಪರದೇಶದ ವಾದ್ಯ, ಅದರ ಮನೆಗಳಲ್ಲಿ ನಮ್ಮ ಗಮಕ ಹೊರಡದು ಎಂದು ಆಕಾಶವಾಣಿ 1940ರ ಮಾರ್ಚ್ 1ರಿಂದ ಅದನ್ನು ಹೊರಗಿಟ್ಟಿತು. 1970ರ ದಶಕದಲ್ಲಿ ಆ ನಿಷೇಧ ಸಡಿಲಾಯಿತು. ಪಂಡಿತರ ವಾದ ಸುಳ್ಳಲ್ಲ. ಆದರೆ ಅಷ್ಟು ಕಾಲವೂ ನಮ್ಮ ಆಟದ ಅಟ್ಟದ ಮೇಲೆ ಪೇಟಿ ನಿಂತಿರಲಿಲ್ಲ. ದೂರದ ಸ್ಕಾಟ್ಲೆಂಡಿನಲ್ಲಿಯೂ ಇಂಥದೇ ನಡೆಯಿತು. ಪೇಟಿಯ ಬಂಧುವಾದ ಅಕಾರ್ಡಿಯನ್ನು, ಜನಪದ ಕುಣಿತ, ಹಾಡು, ಹಾಸ್ಯ ಇವನ್ನು ಕೂಡಿಸಿ ಬಿ.ಬಿ.ಸಿ. 1958ರಿಂದ 1968ರವರೆಗೆ 'ವೈಟ್ ಹೆದರ್ ಕ್ಲಬ್' ಎಂಬ ದೂರದರ್ಶನ ಕಾರ್ಯಕ್ರಮವನ್ನು ನಡೆಸಿತು. ಇದು ಅಗ್ಗದ ತೋರಿಕೆಯೆಂದು ಬಲ್ಲವರು ಮೂಗು ಮುರಿದರು. ಮನೆಮಂದಿ ಮೆಚ್ಚಿ ನೋಡಿದರು. ಅದು ನಿಂತ ಮೇಲೆಯೂ ನೆನೆದು ಹಂಬಲಿಸುವವರು ಅಲ್ಲಿದ್ದಾರೆ.

ಹಂಬಲಿಸುವುದು ಸುಲಭ. ಹಾಡಿನ ಧ್ವನಿಯನ್ನು ಯಂತ್ರ ಹಿಡಿದಿಟ್ಟೀತು. ದೂತಿಗೆ ಎದುರು ಮಾತು ಒಗೆಯುವ ಜನ ಎದುರಿಗೆ ಇಲ್ಲದಿದ್ದರೆ ಆಟ ಅರ್ಧವೇ. ಪಾರಿಜಾತದ ಮೇಳಗಳು ನಮ್ಮ ಭಾಗದಲ್ಲಿ ಇನ್ನೂ ಇವೆ. ಮುಂದಿನ ಜಾತ್ರೆಗೆ ಪಟ್ಟಿ ಕೊಡುವಾಗ ತಾವು ಒಂದು ಮಾತು ಹೇಳಿರಿ: ರಸಮಂಜರಿ ಒಂದು ರಾತ್ರಿ ಇರಲಿ, ಪಾರಿಜಾತಕ್ಕೂ ಒಂದು ರಾತ್ರಿ ಇರಲಿ. ಮಕ್ಕಳನ್ನು ಕರೆದುಕೊಂಡು ಹೋಗಿ ಬೆಳಗಿನವರೆಗೆ ಕುಳಿತುಕೊಳ್ಳಿರಿ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಅವರು ಹೇಳಿದಂತೆಯೇ ಬರೆದುಕೊಳ್ಳಿರಿ. ಮೊಬೈಲಿನಲ್ಲಿ ಹಿಡಿದರೂ ಆದೀತು. ತಿದ್ದಬೇಡಿರಿ.

ಆ ಎರಡು ಪುಟಗಳು ನನ್ನ ಬಳಿ ಇಂದಿಗೂ ಇವೆ. ಕೆಂಪು ಗೆರೆಗಳನ್ನು ಅಳಿಸಲು ಬರುವಂತಿಲ್ಲ. ಈಚೆಗೆ ಬೇರೊಂದು ಹಾಳೆಯ ಮೇಲೆ, ಕಾಕಾ ಹೇಳಿದ್ದಂತೆಯೇ, ಅವನ್ನು ಮತ್ತೆ ಬರೆದಿಟ್ಟಿದ್ದೇನೆ.